ಅಮ್ಮನ ಕಿವಿ

ಕೆಲವು ವರ್ಷಗಳಿಂದ ನನ್ನ ಎರಡೂ ಕಿವಿಗಳು ಸ್ವಲ್ಪಸ್ವಲ್ಪವಾಗಿ ಮಂದವಾಗುತ್ತಿವೆ. ಯಾಕೆಂದು ಯಾವ ಡಾಕ್ಟರಿಗೂ ತಿಳಿದಿಲ್ಲ. ಮಷಿನ್ ಹಾಕಿಕೊಂಡರೂ ಫೋನಿನಲ್ಲಿ ನನಗೆ ಬರೀ ಗೊರಗೊರ ಸದ್ದು. ಹಾಗಾಗಿ ಮಾಕಳಿಯಲ್ಲಿರುವ ನನ್ನಮ್ಮ ಈಗ ಫೋನ್ ಮಾಡುವುದು ನನ್ನ ಗಂಡನಿಗೆ. ಯಶವಂತಪುರದ ನಮ್ಮ ಮನೆಯ ಸೋಫಾದಲ್ಲಿ ಕಾಲು ಚಾಚಿಕೊಂಡು ಇವರು ಅರ್ಧ ಗಂಟೆ ಮಾತಾಡುತ್ತಾರೆ, ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ.

"ಏನಂದ್ಲು ರೀ ಅಮ್ಮ?"

"ಚೆನ್ನಾಗಿದ್ದಾರಂತೆ ಕಣೆ."

ಅಷ್ಟೇ. ನನ್ನಮ್ಮನ ಮಾತನ್ನೆಲ್ಲ ಇವರೇ ಬಾಚಿಕೊಂಡು ನನಗೆ ಉಳಿಸುವುದು ಇಷ್ಟು. ಹೊಟ್ಟೆ ಉರಿಯದೆ ಇನ್ನೇನು?

ಒಂದು ಭಾನುವಾರ ಜಗಳವಾಡಿ ವಿಡಿಯೋ ಕಾಲ್ ಮಾಡಿಸಿದೆ. ತುಟಿ ನೋಡಿಕೊಂಡು ನಾನೇ ಮಾತಾಡುತ್ತೇನೆ, ಯಾರ ಹಂಗೂ ಬೇಡ ಎಂದೆ. ಅಮ್ಮ ಕಾಣಿಸಿದಳು. ನನ್ನನ್ನು ಕಂಡು ಅವಳ ಮುಖ ಅರಳಿತು. ಮರುಕ್ಷಣವೇ ಹಳೆಯ ಅಭ್ಯಾಸದಂತೆ ಫೋನನ್ನು ಕಿವಿಗೆ ಒತ್ತಿಕೊಂಡುಬಿಟ್ಟಳು.

ಪರದೆಯ ತುಂಬ ಕಿವಿ. ಸವೆದ ಓಲೆ, ಜೋತುಬಿದ್ದ ಹಾಲೆ. ಎಂಬತ್ತು ದಾಟಿದರೂ ಹಿತ್ತಿಲಲ್ಲಿ ಕೊತ್ತಿ ನಡೆದರೆ ಕೇಳಿಸಿಕೊಳ್ಳುವ ಕಿವಿ. ಹೆತ್ತವಳನ್ನು ಕಂಡು ಕರುಬಬಾರದು, ಗೊತ್ತು. ಆದರೂ ಅದನ್ನೇ ನೋಡುತ್ತಾ ಕೂತುಬಿಟ್ಟೆ.

ಈ ಕಡೆಯಿಂದ ಸದ್ದಿಲ್ಲವೆಂದು ಅಮ್ಮ ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡಳು.

ಅದೂ ಚೆನ್ನಾಗಿಯೇ ಕೇಳುತ್ತದೆ.