ತೆನೆಹಬ್ಬದ ಮೊದಲ ಪಾಲು

ಮೊನ್ನೆ ಖಲೀಫಾ ಸಿಟಿಯ ಅಂಗಡಿಯಲ್ಲಿ ಅರಿಶಿನ ಎಲೆಯ ಕಟ್ಟು ಬಂದಿತ್ತು. ಮೂಗಿಗೆ ಹಿಡಿದದ್ದೇ ತಡ, ಹಿಂದೆ ನಾನಿದ್ದ ಸತ್ವಾದ ಆ ಹಳೇ ವಿಲ್ಲಾದ ಅಡುಗೆಮನೆ, ಎಲೆಯಲ್ಲಿ ಬೇಯುವ ಕಡುಬು, ಮೌಶಿ... ಅಂಗಡಿಯವನು ಎರಡು ಸಲ ಕರೆದ ಮೇಲೆ ಎಚ್ಚರವಾಯಿತು.

ಮೌಶಿ ಎಂದರೆ ಚಿಕ್ಕಮ್ಮ. ಸ್ವಂತದವರೇನಲ್ಲ. ಮಂಗಳೂರು ಕಡೆಯಿಂದ ಗಲ್ಫಿಗೆ ದುಡಿಯಲು ಬಂದ ನಾವು ಐದಾರು ಕೊಂಕಣಿ ಕ್ರೈಸ್ತರು ಅವರ ವಿಲ್ಲಾದಲ್ಲಿ ಬೆಡ್‌ಸ್ಪೇಸ್, ಅಂದರೆ ಒಂದೊಂದು ಮಂಚದ ಜಾಗ, ಬಾಡಿಗೆಗೆ ಹಿಡಿದಿದ್ದೆವು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಆದರೆ ಎಸಿ ಕೆಲಸದಲ್ಲಿ ನನ್ನನ್ನು ಮೀರಿಸುವವರು ಆ ಬೀದಿಯಲ್ಲಿರಲಿಲ್ಲ. ಮೌಶಿಯ ಎಸಿಗಳೆಲ್ಲ ನನ್ನ ಕೈಯಲ್ಲೇ ಓಡುತ್ತಿದ್ದವು. ನನ್ನ ಮಾತಿಗೆ ಅಲ್ಲಿ ತೂಕ ಉಂಟು ಅಂದುಕೊಂಡಿದ್ದೆ.

ವಾರದ ರಜೆಯ ಒಂದು ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಬರುವಾಗ ಮೌಶಿ ಒಬ್ಬನನ್ನು ಕರೆದುಕೊಂಡು ಬಂದರು. ಕೊಪ್ಪಳದ ಕಡೆಯವನು. ಗಟಾರದ ಟ್ಯಾಂಕರಿನಲ್ಲಿ ಪೈಪು ಹಿಡಿಯುವ ಕೆಲಸ. ಕಂಪನಿ ಮುಚ್ಚಿ, ಮುಹೈಸ್ನಾದ ಕೂಲಿಗಳ ಕ್ಯಾಂಪಿನಿಂದ ಹೊರಬಿದ್ದು, ಬಸ್‌ಸ್ಟಾಪಿನಲ್ಲಿ ಕೂತಿದ್ದನಂತೆ. ಅವನನ್ನು ನನ್ನ ಕೋಣೆಗೇ ಹಾಕಿದರು. ಎಷ್ಟು ತೊಳೆದರೂ ಅವನ ಬಟ್ಟೆಯ ನಾತ ಹೋಗುತ್ತಿರಲಿಲ್ಲ. ನಮ್ಮವರು ಅವನಿಗೆ ‘ಅತ್ತರು’ ಎಂದು ಹೆಸರಿಟ್ಟರು. ಅವನೂ ನಗುತ್ತ, ಊರಿಗೆ ಹೋಗುವಾಗ ನಿಮಗೂ ಒಂದೊಂದು ಬಾಟ್ಲಿ ಕೊಟ್ಟು ಹೋಗ್ತೀನ್ರಿ ಅನ್ನುತ್ತಿದ್ದ. ನನಗೆ ನಗು ಬರಲಿಲ್ಲ. ತೆನೆಹಬ್ಬದೊಳಗೆ ಅವನು ಹೋಗಬೇಕು, ಇಲ್ಲ ನಾನು ಹೋಗುತ್ತೇನೆ ಎಂದು ಮೌಶಿಗೆ ಹೇಳಿಬಿಟ್ಟೆ.

ಹಬ್ಬದ ದಿನ ಇಗರ್ಜಿಯಲ್ಲಿ ಮಂತ್ರಿಸಿ ತಂದ ಭತ್ತದ ತೆನೆ ಸುಲಿದು, ತೆಂಗಿನಹಾಲಿಗೆ ಹಾಕಿದರು. ಹೊಸ ಅಕ್ಕಿ ಮನೆಯವರಿಗೆ ಮಾತ್ರ. ಮೊದಲ ಲೋಟ ನಮ್ಮಲ್ಲಿ ಹಿರಿಯನಿಗೆ, ಅಂದರೆ ಪ್ರತಿವರ್ಷ ನನಗೆ. ಕೈ ಚಾಚಿ ನಿಂತಿದ್ದೆ. ಮೌಶಿ ನನ್ನನ್ನು ದಾಟಿ ಹೋಗಿ, ಬಾಗಿಲ ಬಳಿ ನಿಂತಿದ್ದ ಅವನ ಕೈಗೆ ಕೊಟ್ಟರು. ಹಾಗಾದರೆ ನಾನು ಹೋಗಬೇಕಾ ಎಂದು ಕೇಳಿದೆ. ಅವನಿಗೂ ತಿಳಿಯಲೆಂದೋ ಏನೋ, ಮೌಶಿ ಕೊಂಕಣಿ ಬಿಟ್ಟು ಕನ್ನಡದಲ್ಲೇ ಹೇಳಿದರು:

"ಹೋಗುವುದಾದರೆ ಹೋಗು ಮಗಾ. ನಿನಗೆ ಹೋಗ್ಲಿಕ್ಕೆ ಜಾಗ ಉಂಟು. ಅವನಿಗೆ ಎಲ್ಲಿ ಉಂಟು?"

ಉಣ್ಣದೆ ಬ್ಯಾಗು ಎತ್ತಿಕೊಂಡು ಹೊರಟೆ. ಮೂರು ದಿನ ಸಿಕ್ಕಿದವರಿಗೆಲ್ಲ, ಗಟಾರದವನಿಗಾಗಿ ನನ್ನನ್ನು ಹೊರಗೆ ಹಾಕಿದರು ಎಂದು ದೂರಿದೆ. ನಾಲ್ಕನೇ ದಿನ ಟೂಲ್‌ಬಾಕ್ಸಿಗಾಗಿ ಹೋದರೆ, ಮೌಶಿ ಫ್ರಿಜ್ಜಿನಿಂದ ತಟ್ಟೆ ಮುಚ್ಚಿಟ್ಟ ಲೋಟ ತೆಗೆದು ಮೇಜಿನ ಮೇಲಿಟ್ಟರು. ಹಬ್ಬಕ್ಕೆ ಬರಲಾಗದ ಮನೆಯವರ ಪಾಲನ್ನು ಎತ್ತಿಡುವುದು ನಮ್ಮಲ್ಲಿ ರೂಢಿ. ಹಬ್ಬದ ದಿನದ ಪೆಟ್ಟು ಏನೂ ಅಲ್ಲ ಈ ಲೋಟದ ಮುಂದೆ...

ಹೊಟ್ಟೆ ತುಂಬಿದೆ ಮೌಶಿ ಎಂದೆ. ಸುಳ್ಳು. ಪೆಟ್ಟಿಗೆ ಎತ್ತಿಕೊಂಡು ಬಂದುಬಿಟ್ಟೆ.

ಮತ್ತೆ ಆ ಕಡೆ ಹೋಗಲಿಲ್ಲ. ವಿಲ್ಲಾ ಕೆಡವಿದರು, ಮೌಶಿ ಊರು ಸೇರಿದರು. ಅವರು ತೀರಿಕೊಂಡದ್ದು ನನಗೆ ವಾಟ್ಸಾಪಿನಲ್ಲಿ ಗೊತ್ತಾಯಿತು, ಮಣ್ಣಾಗಿ ವಾರ ಕಳೆದ ಮೇಲೆ.

ಈಗ ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ. ಅದರ ಎಸಿಯನ್ನು ಪ್ರತಿ ತಿಂಗಳು ನಾನೇ ತೊಳೆಯುತ್ತೇನೆ. ಇಷ್ಟು ವರ್ಷದಲ್ಲಿ ಅಲ್ಲಿ ಒಬ್ಬನನ್ನೂ ಮಲಗಿಸಿಲ್ಲ... ಇದನ್ನು ಬರೆಯಲು ಕೂರುವ ತನಕ ಅದು ನನಗೆ ಹೊಳೆದೇ ಇರಲಿಲ್ಲ.