ಯಾವ ಪಾರ್ಟಿಗೂ ಸೇರದ ವರದರಾಜರು

ಕ್ಯಾಲಿಫೋರ್ನಿಯಾದ ಟಾರೆನ್ಸ್‌ನ ವರದರಾಜರ ಎದುರು ಎಲೆಕ್ಷನ್ನಿನ ಮಾತೆತ್ತಿದರೆ ಮುಗಿಯಿತು, ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾಗುವವರೆಗೂ ಬಿಡುಗಡೆಯಿಲ್ಲ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಎಲ್ ಸೆಗುಂಡೋದ ಏರೋಸ್ಪೇಸ್ ಕಂಪನಿಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಉಪಗ್ರಹದ ಬ್ಯಾಟರಿಗಳನ್ನು ಟೆಸ್ಟ್ ಮಾಡಿ ರಿಟೈರ್ ಆದ ಮನುಷ್ಯ. ತಾವೇ ಅಳೆದು ನೋಡದ ಹೊರತು ಯಾವುದನ್ನೂ ನಂಬಿದವರಲ್ಲ. ಸಿಟಿಜನ್ ಆದ ವರ್ಷ ಮತದಾರರ ಫಾರಂನಲ್ಲಿ ನಿಮ್ಮದು ಯಾವ ಪಾರ್ಟಿ ಎಂದು ಕೇಳಿದ್ದಕ್ಕೆ ‘ಯಾವುದೂ ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದ್ದರು. ಹೆಂಡತಿ ಲೀಲಾ ಅವರ ಫಾರಂನಲ್ಲೂ ತಾವೇ ಅದೇ ಚೌಕಕ್ಕೆ ಗುರುತು ಹಾಕಿದ್ದರು.

ಪಾರ್ಟಿಗಳ ಮೇಲಿನ ಅವರ ಸಿಟ್ಟಿಗೆ ಕಾರಣವಿರಲಿಲ್ಲ ಎಂದು ನಾನು ಹೇಳಲಾರೆ. ಪಾರ್ಟಿಗಳು ತಮ್ಮ ಅಭ್ಯರ್ಥಿಯನ್ನು ಆರಿಸುವ 2020ರ ಮಾರ್ಚಿನ ಪ್ರೈಮರಿಗೆ ಅಂಚೆಯಲ್ಲಿ ಬಂದ ಬ್ಯಾಲೆಟ್ ಬಿಡಿಸಿದರೆ, ಅದರಲ್ಲಿ ಜಡ್ಜುಗಳಿದ್ದಾರೆ, ಸ್ಕೂಲ್ ಬೋರ್ಡಿನವರಿದ್ದಾರೆ, ಅಧ್ಯಕ್ಷ ಸ್ಥಾನದ ಪಟ್ಟಿಯೇ ಇಲ್ಲ! ಮೊದಲೇ ಅರ್ಜಿ ಹಾಕಿ ಕೇಳಿದ್ದರೆ ಡೆಮೋಕ್ರಾಟರು ತಮ್ಮ ಪಟ್ಟಿ ಕೊಡುತ್ತಿದ್ದರಂತೆ, ರಿಪಬ್ಲಿಕನ್ನರು ಹೊರಗಿನವರಿಗೆ ಬಾಗಿಲೇ ತೆಗೆಯುವುದಿಲ್ಲವಂತೆ. “ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಎಲೆಕ್ಷನ್ನು, ನಮಗೇ ಊಟಕ್ಕೆ ಎಲೆ ಇಲ್ಲ!” ಎಂದು ಅವತ್ತು ಅಡುಗೆಮನೆಯಲ್ಲಿ ಕೂಗಾಡಿದರು. ಅವರ ಕೂಗಾಟ ಕೇಳಿ ಕೇಳಿ ಪಕ್ಕದ ಮನೆಯ ನಾಯಿ ಕೂಡ ಬೊಗಳುವುದನ್ನು ಬಿಟ್ಟಿತ್ತು.

ನವೆಂಬರಿನ ದೊಡ್ಡ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ಎರಡೂ ಪಾರ್ಟಿಯವರ ಹೆಸರುಗಳು ಇರುತ್ತಿದ್ದವು. ಆದರೆ ವರದರಾಜರು ಅಲ್ಲಿ ಗುರುತು ಹಾಕುತ್ತಿರಲಿಲ್ಲ. ಆ ಸಾಲನ್ನು ಖಾಲಿ ಬಿಟ್ಟು, ಉಳಿದದ್ದನ್ನೆಲ್ಲ ಪೆನ್ಸಿಲ್ ಹಿಡಿದು, ಮತದಾರರಿಗೆಂದು ಬರುವ ದಪ್ಪ ಕೈಪಿಡಿ ಓದಿ, ಎರಡು ದಿನ ಯೋಚಿಸಿ ತುಂಬುತ್ತಿದ್ದರು. “ಇಬ್ಬರಲ್ಲಿ ಒಬ್ಬನನ್ನ ಆರಿಸು ಅಂತ ಹೆದರಿಸ್ತಾರಲ್ಲ, ಅದಕ್ಕೆ ನಾನು ಬಗ್ಗೋನಲ್ಲ,” ಎನ್ನುವುದು ಅವರ ಮಾತು.

ಇನ್ನು ಮನೆಯ ಕಾಗದಪತ್ರವೆಲ್ಲ ಮೊದಲಿನಿಂದಲೂ ಅವರದೇ ಕಾರುಬಾರು. ಟ್ಯಾಕ್ಸು, ಇನ್ಶೂರೆನ್ಸು, ಓಸಿಐ ಕಾರ್ಡು, ಏನಿದ್ದರೂ ತುಂಬುವವರು ಅವರು. ಲೀಲಾ ಸಹಿ ಹಾಕಬೇಕಾದ ಕಡೆ ಹಳದಿ ಚೀಟಿ ಅಂಟಿಸಿ ಊಟದ ಮೇಜಿನ ಮೇಲಿಡುತ್ತಿದ್ದರು. ಲೀಲಾ ಔಷಧಿ ಅಂಗಡಿಯಲ್ಲಿ ಹದಿನೆಂಟು ವರ್ಷ ಡಾಕ್ಟರುಗಳ ಕೋಳಿಕಾಲಿನ ಅಕ್ಷರ ಓದಿ ಮಾತ್ರೆ ಎಣಿಸಿಕೊಟ್ಟವರು, ಒಂದು ಫಾರಂ ತುಂಬಲು ಬಾರದವರೇನಲ್ಲ. ಆದರೂ ಮನೆಗೆ ಬಂದರೆ ಚೀಟಿ ಕಂಡ ಕಡೆ ಸಹಿ ಹಾಕುವುದು ರೂಢಿಯಾಗಿಬಿಟ್ಟಿತ್ತು. ಬ್ಯಾಲೆಟ್ಟಿಗೂ ಹಾಗೇ. ಇವರು ತುಂಬಿ ಲಕೋಟೆ ಅಂಟಿಸುವುದು, ಅವರು ಮೇಲೆ ಸಹಿ ಹಾಕುವುದು.

2024ರ ಅಕ್ಟೋಬರಿನಲ್ಲಿ ಸ್ಯಾನ್ ಡಿಯಾಗೋದಲ್ಲಿ ಮಗಳು ಧೃತಿಗೆ ಹೆರಿಗೆಯಾಯಿತು. ಸೊರೆಂಟೊ ವ್ಯಾಲಿಯ ಬಯೋಟೆಕ್ ಕಂಪನಿಯೊಂದರಲ್ಲಿ ಅವಳ ಕೆಲಸ. ಬಾಣಂತನಕ್ಕೆಂದು ಲೀಲಾ ಹೋದರು. ಅದೇ ವಾರ ಟಾರೆನ್ಸ್‌ನ ಮನೆಗೆ ಎರಡು ಬ್ಯಾಲೆಟ್ ಬಂದವು.

“ನಂದು ಹಾಗೇ ಇಟ್ಟಿರಿ. ಬಂದು ನೋಡ್ತೀನಿ,” ಎಂದು ಲೀಲಾ ಫೋನಿನಲ್ಲಿ ಹೇಳಿದರು.

“ಹೂಂ,” ಎಂದರು ವರದರಾಜರು. ಕಣ್ಣು ಕೈಪಿಡಿಯ ಮೇಲಿತ್ತು.

ಮಗುವಿಗೆ ಕಾಮಾಲೆ ಕಾಣಿಸಿಕೊಂಡಿತು, ಲೀಲಾ ಬರುವುದು ಮುಂದಕ್ಕೆ ಹೋಯಿತು. ಚುನಾವಣೆಗೆ ಒಂದೇ ದಿನ ಉಳಿದಾಗ ವರದರಾಜರು ಇಬ್ಬರ ಬ್ಯಾಲೆಟ್ಟನ್ನೂ ಎಂದಿನಂತೆ ತುಂಬಿದರು. ಮನೆಯ ಒಂದು ವೋಟು ಸುಮ್ಮನೆ ಹಾಳಾಗಬಾರದಲ್ಲ! ಮೂವತ್ತೈದು ವರ್ಷ ನೋಡಿದ ಹೆಂಡತಿಯ ಸಹಿ, ಗುಂಡುಗುಂಡಾದ ಎಲ್, ಬಾಲ ಎಳೆದ ಕೊನೆಯ ಎ. ಹಾಳೆಯೊಂದರ ಮೇಲೆ ಎರಡು ಸಲ ಬರೆದು ನೋಡಿ, ಲಕೋಟೆಯ ಮೇಲೆ ಹಾಕಿಬಿಟ್ಟರು. ಲೈಬ್ರರಿಯ ಮುಂದಿನ ಬ್ಯಾಲೆಟ್ ಡಬ್ಬಿಗೆ ಎರಡನ್ನೂ ಹಾಕಿ ಬಂದು ನೆಮ್ಮದಿಯಾಗಿ ಮೊಸರನ್ನ ತಿಂದರು. ತಪ್ಪು ಮಾಡಿದೆ ಎಂಬ ಎಳ್ಳಷ್ಟು ಅಳುಕೂ ಅವರಿಗಿರಲಿಲ್ಲ.

ಚುನಾವಣೆಯೆಲ್ಲ ಮುಗಿದ ಮೇಲೆ, ಶನಿವಾರ ಲೀಲಾ ವಾಪಸ್ ಬಂದರು. “ಈ ಸಲ ನನ್ನ ವೋಟು ತಪ್ಪೇಹೋಯ್ತು ಅಲ್ವಾ,” ಎಂದು ಪೇಚಾಡಿಕೊಂಡರು. ಆಗಲಾದರೂ ವರದರಾಜರು ಬಾಯಿ ಬಿಡಬಹುದಿತ್ತು. ಸುಮ್ಮನೆ ಸಾರು ಬಡಿಸಿಕೊಂಡರು.

ಮುಂದಿನ ಬುಧವಾರ ಅಂಚೆಯ ಪೆಟ್ಟಿಗೆಯಿಂದ ಲೀಲಾ ಒಂದು ಕಾಗದ ತಂದರು. ಕೌಂಟಿಯ ಚುನಾವಣಾ ಕಚೇರಿಯದು, ಅವರ ಹೆಸರಿಗೆ. ಅಲ್ಲೇ ನಿಂತು ಒಂದು ಸಲ ಓದಿದರು. ಕುರ್ಚಿ ಎಳೆದುಕೊಂಡು ಕೂತು ಇನ್ನೊಂದು ಸಲ ಓದಿದರು.

“ರೀ, ಲಕೋಟೆ ಮೇಲಿನ ಸೈನು ನನ್ನ ಸೈನಿಗೆ ಹೊಂದ್ತಾ ಇಲ್ಲ ಅಂತ ಬರೆದಿದಾರೆ. ಯಾವ ಲಕೋಟೆ?”

ಸಿಕ್ಕಿಬೀಳುತ್ತೇನೆಂದು ವರದರಾಜರು ಕನಸಿನಲ್ಲೂ ಎಣಿಸಿರಲಿಲ್ಲ. ಆದರೂ ಸಾವರಿಸಿಕೊಂಡರು.

“ಅದಾ... ನೀನು ಬರೋದು ಲೇಟಾಯ್ತಲ್ಲ, ನಾನೇ ಹಾಕಿ ಕಳಿಸಿದೆ. ದೊಡ್ಡ ವಿಷಯ ಏನಲ್ಲ ಕಣೇ. ಕೆಳಗಡೆ ಸೈನ್ ಮಾಡು, ಇವತ್ತೇ ಪೋಸ್ಟ್ ಮಾಡ್ತೀನಿ. ವೋಟು ಎಣಿಕೆಗೆ ಸೇರ್ಕೊಳ್ಳುತ್ತೆ.”

ಲೀಲಾ ಕನ್ನಡಕ ಸರಿಮಾಡಿಕೊಂಡು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. “ಬ್ಯಾಲೆಟ್ಟನ್ನ ಪಡೆದು, ನಾನೇ ವಾಪಸ್ ಕಳಿಸಿದೀನಿ ಅಂತ ಒಪ್ಕೋಬೇಕಂತೆ. ಮೋಸ ಮಾಡಿದ್ರೆ ಜೈಲು ಅಂತ್ಲೂ ಇದೆ. ನಾನೆಲ್ಲಿ ಕಳಿಸಿದೆ?”

ದಪ್ಪ ಕೈಪಿಡಿಯ ಅಕ್ಷರ ಅಕ್ಷರ ಓದಿದ ವರದರಾಜರಿಗೆ ತಾವು ಮಾಡಿದ್ದಕ್ಕೆ ಮೋಸ ಎಂಬ ಹೆಸರಿದೆ ಎಂದು ಹೊಳೆದೇ ಇರಲಿಲ್ಲ.

“ಅಧ್ಯಕ್ಷ ಸ್ಥಾನಕ್ಕೆ ನನ್ನ ಹೆಸರಲ್ಲಿ ಯಾರಿಗೆ ಹಾಕಿದ್ರಿ?”

“ಯಾರಿಗೂ ಇಲ್ಲ. ಖಾಲಿ ಬಿಟ್ಟೆ. ನನ್ನದರಲ್ಲೂ ಅಷ್ಟೇ. ಆ ಎರಡು ಪಾರ್ಟಿಯೋರು ಎಂಥೋರು ಅಂತ ನಿಂಗೇ ಗೊತ್ತಲ್ಲ...”

“2020ರಲ್ಲಿ?”

“ಆಗಲೂ ಖಾಲಿ.”

ಲೀಲಾ ಗಂಡನನ್ನೇ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

“ಆವತ್ತು ನಾನು ನಿಮಗೆ ಹೇಳಿದ್ದೆ. ಇಲ್ಲೇ, ಈ ಮೇಜಿನ ಹತ್ರ. ಯಾರಿಗೆ ಹಾಕ್ಬೇಕು, ಯಾಕೆ ಹಾಕ್ಬೇಕು, ಎರಡೂ ಹೇಳಿದ್ದೆ. ನೀವು ಹೂಂ ಅಂದ್ರಿ. ಹಾಕಿರ್ತೀರಿ ಅಂತ ಸೈನ್ ಮಾಡಿದೆ. ನಾಲ್ಕು ವರ್ಷ ನಾನು ವೋಟ್ ಹಾಕಿದೀನಿ ಅಂತ್ಲೇ ಅನ್ಕೊಂಡಿದ್ದೆ ರೀ.”

ವರದರಾಜರು ಎಷ್ಟು ತಡಕಾಡಿದರೂ ಆ ಮಾತು ನೆನಪಿಗೆ ಬರಲಿಲ್ಲ. ಹತ್ತು ವರ್ಷದ ಹಿಂದಿನ ಬ್ಯಾಟರಿಯ ವೋಲ್ಟೇಜು ಬಾಯಲ್ಲಿ ಹೇಳುವ ಮನುಷ್ಯ. ಹೆಂಡತಿ ಎದುರಿಗೆ ಕೂತು ಹೇಳಿದ ಹೆಸರು ಯಾವುದೆಂದು ಹೊಳೆಯಲಿಲ್ಲ, ಹೇಳಿದ್ದೇ ಹೊಳೆಯಲಿಲ್ಲ. ಅವಳು ಸುಳ್ಳು ಹೇಳುವವಳಲ್ಲ ಎಂಬುದು ಮಾತ್ರ ಗೊತ್ತಿತ್ತು. ಅವರಿಗೆ ನಿಜವಾಗಿ ಗಾಬರಿಯಾದದ್ದು ಆಗ.

“ನಾನು ಧೃತಿ ಮನೇಲಿದ್ದಾಗ ಎರಡೂ ಪಾರ್ಟಿಯೋರು ದಿನಾ ಫೋನ್ ಮಾಡೋರು,” ಎಂದರು ಲೀಲಾ. “ಮಗು ಮಲಗಿದೆ ಅಂದ್ರೂ ಬಿಡ್ತಿರ್ಲಿಲ್ಲ. ನಿಮ್ಮ ವೋಟು ನಮಗೆ ಬೇಕು ಮೇಡಂ ಅಂತ ಅಂಗಲಾಚೋರು. ಕೆಟ್ಟೋರೋ, ಕಳ್ಳರೋ, ಅವರು ಕೇಳಿದ್ರು. ನೀವೊಬ್ರೇ ಕೇಳ್ಲಿಲ್ಲ.”

“ತಪ್ಪಾಯ್ತು ಲೀಲಾ,” ಎಂದರು ವರದರಾಜರು. ಆ ಮಾತು ಆ ಮನೆಯಲ್ಲಿ ಅಪರೂಪ. “ತಪ್ಪಾಯ್ತು. ಆದ್ರೆ ಇದಕ್ಕೆ ತಿಂಗಳ ಕೊನೆವರೆಗೆ ಮಾತ್ರ ಟೈಮಿದೆ. ಸೈನ್ ಮಾಡದಿದ್ರೆ ನಿನ್ನ ವೋಟು ಹೋಗುತ್ತಲ್ಲೇ.”

“ನನ್ನದೆಲ್ಲಿಂದ ಬಂತು? ಅದು ನಿಮ್ಮದೇ, ಎರಡನೇದು.”

ವರದರಾಜರು ಮೇಜಿನ ಮೇಲಿದ್ದ ಆ ಕಾಗದದತ್ತ ನೋಡಿದರು. ಕಚೇರಿಯವರು ಸಹಿಗೆಂದು ಬಿಟ್ಟಿದ್ದ ಗೆರೆ ಖಾಲಿಯಾಗಿತ್ತು.

ಲೀಲಾ ಅನ್ನಕ್ಕಿಡಲು ಎದ್ದರು. ಒಳಗೆ ಹೋಗುವ ಮುನ್ನ ಏನೋ ನೆನಪಾದಂತೆ ತಿರುಗಿ ಬಂದು ಕಾಗದವನ್ನು ತೆಗೆದುಕೊಂಡರು. ನಾಲ್ಕಾಗಿ ಮಡಿಸಿ ತಮ್ಮ ಹ್ಯಾಂಡ್‌ಬ್ಯಾಗಿನೊಳಗಿಟ್ಟು ಜಿಪ್ ಎಳೆದರು, ಆ ಬ್ಯಾಗನ್ನು ಅಡುಗೆಮನೆಗೇ ತೆಗೆದುಕೊಂಡು ಹೋದರು.

ಯಾಕೆಂದು ವರದರಾಜರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆ ಕಾಗದಕ್ಕೂ ಗಂಡ ಎಲ್ಲಿ ತನ್ನ ಸಹಿ ಹಾಕಿಬಿಡುತ್ತಾರೋ ಎಂದು ಅವಳಿಗೆ ಭಯ.