ತಂತಿ ಬೇಲಿ ಎಂದು ನಾನೇ ಬರೆದಿದ್ದೆ

ತಂತಿ ಬೇಲಿ ಚರ್ಮವನ್ನು ಹರಿಯುತ್ತದೆ, ತೂತು ಮಾಡುವುದಿಲ್ಲ. ಇದು ತಿಳಿಯಲು ಪಶುವೈದ್ಯೆಯೇ ಆಗಬೇಕಿಲ್ಲ, ಮುಳ್ಳುತಂತಿಗೆ ಸೀರೆ ಸಿಕ್ಕಿಸಿಕೊಂಡ ಯಾರಿಗಾದರೂ ಗೊತ್ತು. ಆದರೂ ಮುಂಡರಗಿ ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ಕೂತು, ಎತ್ತೊಂದರ ಬಾಲದ ಬುಡದಲ್ಲಿ ಜೋಡಿ ಜೋಡಿಯಾಗಿ ಬಿದ್ದಿದ್ದ ತೂತುಗಳನ್ನು ಕಣ್ಣಾರೆ ನೋಡಿ, ಚೀಟಿಯ ಮೇಲೆ ‘ತಂತಿ ಬೇಲಿಯಿಂದ ಗಾಯ’ ಎಂದು ಬರೆದುಕೊಟ್ಟವಳು ನಾನೇ. ಯಾಕೆಂದರೆ ಮಾಲೀಕ ಹಾಗೆ ಹೇಳಿದ. ನಮ್ಮಲ್ಲಿ ಅದೇ ರೂಢಿ. ಗಾಯ ಹೇಗಾಯಿತು ಎಂಬ ಜಾಗದಲ್ಲಿ ತಂದವರ ಮಾತನ್ನು ಬರೆದು, ಔಷಧ ಹಚ್ಚಿ ಕಳಿಸುವುದು. ಹೊರಗೆ ಹತ್ತು ಎಮ್ಮೆ ಕಾಯುತ್ತಿರುತ್ತವೆ, ವಾದ ಮಾಡಲು ಯಾರಿಗೆ ಪುರುಸೊತ್ತು?

ತಿಂಗಳೊಳಗೆ ಅದೇ ಎತ್ತು ಮತ್ತೆ ಬಂತು. ಅದೇ ಜಾಗ, ಹೊಸ ತೂತು, ಈ ಸಲ ಕೀವು. ಮಾಲೀಕ ಖಾಲಿ ಗಾಡಾ, ಅಂದರೆ ಎತ್ತು ಹೂಡಿದ ಬರಿ ಬಂಡಿ, ಓಡಿಸುವ ಸ್ಪರ್ಧೆಗಳಲ್ಲಿ ಹೆಸರು ಮಾಡಿದವನು. ಕೈಯಲ್ಲಿ ಒಂದು ತಂಬಿಗೆ ಗಿಣ್ಣದ ಹಾಲು.

“ಮೇಡಮ್ಮಾರ, ನಿಮ್ಮ ಸಲುವಾಗಿ ತಂದೀನ್ರಿ. ಮನ್ಯಾಗ ಎಮ್ಮಿ ಈದೈತಿ.”

ಎಮ್ಮೆ ಈದದ್ದು ಖರೆಯೇ ಇರಬಹುದು. ಆದರೆ ಹಿಂದಿನ ಸಲ ಒಂದು ನಮಸ್ಕಾರವನ್ನೂ ಹೇಳದೆ ಹೋದವನಿಗೆ ಇವತ್ತು ಇಷ್ಟು ಪ್ರೀತಿ ಎಲ್ಲಿಂದ ಬಂತು?

“ಮತ್ತ ತಂತಿ ಏನ್ರಿ?”

“ಹೌದ್ರಿ. ಹುಚ್ಚ ಎತ್ತು, ಬೇಲಿ ಕಂಡ್ರ ಹೊಗತೈತಿ.”

“ಬೇಲಿ ಹೊಕ್ಕರ ಮಾರಿ, ಎದಿ ಹರೀಬೇಕು. ಇದೇನ್ ಹಿಂದಹಿಂದಕ್ಕ ಸರದು ಹೊಗತೈತೇನ್ರಿ?”

ಅವನು ನಕ್ಕ. ನನಗೆ ನಗು ಬರಲಿಲ್ಲ. ನಮ್ಮ ಅಟೆಂಡರನ ಕೈಗೆ ಕೋಲು ಕೊಟ್ಟು ಎತ್ತಿನ ಹಿಂದೆ ಓಡಾಡಿಸಿದೆ. ಅದು ಮೆಲುಕು ಹಾಕುತ್ತಾ ನಿಂತಿತ್ತು. ಆಮೇಲೆ ಮಾಲೀಕನನ್ನು ಕರೆದೆ. ಅವನು ಬರಿಗೈಯಲ್ಲಿ ಹಿಂದೆ ಬಂದದ್ದೇ ತಡ, ಎತ್ತು ಬಾಲ ಒಳಗೊತ್ತಿಕೊಂಡು ನಿಂತಲ್ಲೇ ಉಚ್ಚೆ ಹೊಯ್ದಿತು.

“ಎತ್ತು ಇವತ್ತ ಇಲ್ಲೇ ಇರಲಿ. ಕೀವು ತಗೀಬೇಕು,” ಎಂದೆ.

“ರವಿವಾರ ಗಾಡಾ ಓಡಿಸೋದೈತ್ರಿ!”

“ಇರಲಿ ಅಂದೆನಲ್ಲ.”

ಅವನು ತಂಬಿಗೆಯನ್ನು ವಾಪಸು ಹಿಡಿದುಕೊಂಡೇ ಹೋದ.

ಮಧ್ಯಾಹ್ನ, ಮೊಳೆಯಿಂದ ಚುಚ್ಚಿದ ಗಾಯ ಎಂದು ಪೊಲೀಸರಿಗೆ ವರದಿ ಬರೆದೆ. ಅದಕ್ಕೆ ಆಸ್ಪತ್ರೆಯ ಮೊಹರಿನ ಸಿಕ್ಕಾ ಒತ್ತಿದವನು ಅಟೆಂಡರ. ಮರುದಿನ ಠಾಣೆಗೆ ಹೋದರೆ, ನನಗಿಂತ ಮೊದಲೇ ಮಾಲೀಕ ಅಲ್ಲಿ ಬೆಂಚಿನ ಮೇಲೆ ಕೂತಿದ್ದಾನೆ! ನನ್ನ ತಲೆಗೆ ತಟ್ಟನೆ ಬಂದದ್ದು ಅಟೆಂಡರನ ಮುಖ. ಇಬ್ಬರದೂ ಒಂದೇ ಊರು, ಕೊರ್ಲಹಳ್ಳಿಗೆ ಹೋಗುವ ದಾರಿಯಲ್ಲಿ. ಸಿಕ್ಕಾ ಒತ್ತುವಾಗ ಓದಿದ, ಹೋಗಿ ಹೇಳಿದ, ಮತ್ತೇನು?

ಫೌಜದಾರರು ನನ್ನ ವರದಿಯನ್ನು ಗಟ್ಟಿಯಾಗಿ ಓದಿದರು. ಮಾಲೀಕ ಕಿಸೆಯಿಂದ ಹಳೆಯ ಚೀಟಿ ತೆಗೆದು ಮೇಜಿನ ಮೇಲಿಟ್ಟ.

“ತಂತಿ ಬೇಲಿ ಅಂತ ಇವರ ಬರದಾರ ನೋಡ್ರಿ ಸಾಹೇಬ್ರ. ಈಗ ನೋಡಿದ್ರ ಮೊಳಿ ಅಂತಾರ. ಗಿಣ್ಣ ಕಡಿಮಿ ಆತೇನೋ!”

ಫೌಜದಾರರು ಚೀಟಿಯನ್ನೂ ವರದಿಯನ್ನೂ ಪಕ್ಕಪಕ್ಕ ಇಟ್ಟರು. “ಎರಡೂ ನಿಮ್ಮ ಸಹಿನ ಅದಾವಲ್ರಿ. ಯಾವುದು ಖರೆ? ಇದರ ಮ್ಯಾಲೆ ಕೇಸ್ ನಿಲ್ಲಂಗಿಲ್ರಿ. ಎತ್ತು ಬಿಡಬೇಕಾಕ್ಕೈತಿ.”

ಬಿಟ್ಟರೆ ರವಿವಾರ ಮತ್ತೆ ಅದೇ ಮೊಳೆ. ನಾನು ಬಿಳಿ ಹಾಳೆ ಕೇಳಿ ಬರೆದೆ: ಹಿಂದಿನ ಸಲ ಗಾಯ ನೋಡಿದಾಗಲೇ ನನಗೆ ಸಂಶಯ ಬಂದಿತ್ತು. ಆದರೂ ಕಂಡದ್ದನ್ನು ಬಿಟ್ಟು ಮಾಲೀಕ ಹೇಳಿದ್ದನ್ನು ಬರೆದೆ. ಅದು ನನ್ನ ತಪ್ಪು.

“ಇದನ್ನ ಕೊಟ್ರ ನಿಮಗ ನೋಟಿಸ್ ಬರತೈತ್ರಿ, ಮೇಡಂ.”

“ಬರಲಿ. ನೀವು ಅವರ ಗಾಡಾದಾಗಿನ ಬಾರಕೋಲು ನೋಡ್ರಿ. ತುದಿಗೆ ಎರಡು ಮೊಳಿ ಇರತಾವ, ನಡುವ ಒಂದ ಬಟ್ಟಿನಷ್ಟ ಜಾಗಾ, ಗಾಯದಾಗ ಇದ್ದಂಗ.”

ಮಾಲೀಕ ಬೆಂಚಿನಿಂದ ಎದ್ದು ನಿಂತ.

ಏಳುವಾಗ ಫೌಜದಾರರನ್ನು ಕೇಳಿದೆ, “ಇವರಿಗೆ ನಾನು ಬರತೀನಂತ ಯಾರು ಹೇಳಿದ್ರು?”

“ಯಾರ ಹೇಳತಾರ್ರಿ? ನಿನ್ನಿ ಸಂಜೀಕನ ಇಂವಾ, ಡಾಕ್ಟರ್ ನನ್ನ ಎತ್ತು ಹಿಡಕೊಂಡ ಕುಂತಾರ ಅಂತ ನಿಮ್ಮ ಮ್ಯಾಲೇ ಫಿರ್ಯಾದಿ ಕೊಡಾಕ ಬಂದಿದ್ದ. ಮುಂಜಾನೆ ಬಾ ಅಂದಿದ್ದೆ.”

ಬಾರಕೋಲು ಸಿಕ್ಕಿತು. ಮೊಳೆ ಎರಡೇ. ಎತ್ತು ನಮ್ಮಲ್ಲೇ ಉಳಿಯಿತು. ನೋಟಿಸೂ ಬಂತು, ಆ ಮಾತು ಬೇರೆ.

ಠಾಣೆಯಿಂದ ಬಂದಾಗಿನಿಂದ ನಾನು ಅಟೆಂಡರನ ಮುಖ ನೋಡಿ ಮಾತಾಡಿರಲಿಲ್ಲ. ಗಾಯ ತೊಳೆಯುವಾಗ ಬಾಲ ಹಿಡಿದು ನಿಂತಿದ್ದ ಅವನು ತಲೆ ಎತ್ತದೆ ಕೇಳಿದ, “ನಾನ ಹೋಗಿ ಹೇಳೀನಿ ಅಂತ ತಿಳಕೊಂಡಿದ್ರಿ, ಹೌದಿಲ್ರಿ?”

“ಹೌದಪಾ. ತಪ್ಪಾತು.”

“ಚಲೋ ಆತ ಬಿಡ್ರಿ. ಅಂವಾ ತಂತಿ ಅಂದ್ರ ನಂಬಿದ್ರಿ, ನಾ ಸುಮ್ಮ ನಿಂತ್ರ ಸಂಶಯ ಪಟ್ರಿ.”

ಕೈ ತೊಳೆದು ದಾಖಲೆಯ ಪುಸ್ತಕ ತೆಗೆದೆ.

“ಈ ಸಲ ಏನ ಬರೀತೀರಿ?”

“ಮೊಳಿ.”

“ಯಾರ ಹೇಳಿದ್ರಂತ?”

“ಯಾರೂ ಹೇಳಿಲ್ಲ, ನಾ ನೋಡೀನಿ ಅಂತ.”